23 ಕೆ.ಜಿ. ಮಲೆನಾಡು: ಅಡಿಕೆ ತಕ್ಕಡಿಯೊಂದಿಗೆ ಸಂದರ್ಶನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಪರದೇಶಕ್ಕೆ ಹೊರಟವರ ಪೆಟ್ಟಿಗೆ ವಿಮಾನ ನಿಲ್ದಾಣ ಕಾಣುವ ಮೊದಲು ಮನೆಯ ಅಡಿಕೆ ತಕ್ಕಡಿಯನ್ನು ಕಾಣುತ್ತದೆ. ಜಗಲಿಯ ತೊಲೆಗೆ ನೇತುಬಿದ್ದ ಅಂಥದೊಂದು ತಕ್ಕಡಿ ಸಂದರ್ಶನಕ್ಕೆ ಒಪ್ಪಿತು. ಅದು 'ನಾನು' ಎನ್ನುವುದಿಲ್ಲ. ಹಾಗೆಂದರೆ ಮುಳ್ಳು ಒಂದು ಕಡೆಗೆ ವಾಲುತ್ತದಂತೆ.

ಪ್ರಶ್ನೆ: ಪೆಟ್ಟಿಗೆಗೆ ಏನು ಹಾಕಬೇಕೆಂದು ತೀರ್ಮಾನಿಸುವವರು ಯಾರು?

ತಕ್ಕಡಿ: ಹೊರಟವರಂತೂ ಅಲ್ಲ. ಮೊದಲ ಮಾತು ವಿಮಾನದವರದು. ಅಮೆರಿಕಕ್ಕೆ ಹೋಗುವವರಿಗೆ ಅನೇಕ ವಿಮಾನ ಕಂಪನಿಗಳು 23 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡುತ್ತವೆ. ಒಂದೇ ಪೆಟ್ಟಿಗೆ 32 ಕೆ.ಜಿ. ದಾಟಿದರೆ ಸಾಮಾನ್ಯವಾಗಿ ದುಡ್ಡು ಕೊಟ್ಟರೂ ಮುಟ್ಟುವುದಿಲ್ಲ, ಎತ್ತುವವರ ಬೆನ್ನು ಹೋದೀತೆಂದು. ಅಡಿಕೆ ಮೂಟೆ ಹೊರುವವರ ಬೆನ್ನಿಗೆ ಇಂಥ ಮರ್ಯಾದೆ ಸಿಕ್ಕಿದ್ದು ತಕ್ಕಡಿಯ ನೆನಪಿನಲ್ಲಿಲ್ಲ.

ಪ್ರಶ್ನೆ: ವಿಂಗಡಣೆ ಹೇಗೆ?

ತಕ್ಕಡಿ: ಅಡಿಕೆಯ ಹಾಗೆಯೇ, ಮೇಲಿನ ದರ್ಜೆಯಿಂದ ಕೆಳಗಿನದಕ್ಕೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಅಮ್ಮ ಕಟ್ಟಿದ್ದೆಲ್ಲ ಸರಕು: ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ವಾಟೆಹುಳಿ, ಕಾಫಿಪುಡಿ. ಅಪ್ಪ ತಂದಿಟ್ಟದ್ದು ಬೆಟ್ಟೆ: ಅಂಕಪಟ್ಟಿಗಳ ಮೂರು ಮೂರು ಜೆರಾಕ್ಸು, ಶೃಂಗೇರಿಯ ಕುಂಕುಮ. ನೆಂಟರದ್ದು ರಾಶಿ: ಅಲ್ಲಿರುವ ಅವರ ಮಗಳಿಗೆ ತಲುಪಿಸಬೇಕಾದ ಗಂಟು, ಒಳಗೇನಿದೆ ಎಂದು ಕೇಳುವಂತಿಲ್ಲ. 'ಇದನ್ನು ನೀವೇ ಕಟ್ಟಿದ್ದಾ?' ಎಂದು ನಿಲ್ದಾಣದಲ್ಲಿ ಕೇಳಿದಾಗ ಮಲೆನಾಡಿನವರು ಹೇಳುವ 'ಹೌದು' ಶುದ್ಧ ಸುಳ್ಳು. ಹೊರಟವರು ತಾವಾಗಿ ಆರಿಸಿಕೊಂಡದ್ದು ಗೊರಬಲು. ತೂಕ ಹೆಚ್ಚಾದರೆ ಮೊದಲು ಹೊರಗೆ ಬೀಳುವುದು ಅದೇ.

ಪ್ರಶ್ನೆ: ಉದಾಹರಣೆಗೆ?

ತಕ್ಕಡಿ: 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು'. ಬರೆದವರು ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ದಪ್ಪ ಪುಸ್ತಕ. ಅದನ್ನು ತೆಗೆದ ಜಾಗಕ್ಕೆ ಹಪ್ಪಳದ ಎರಡನೇ ಕಟ್ಟು ಬಂತು. ಹಪ್ಪಳ ನ್ಯೂಜೆರ್ಸಿಯ ಅಂಗಡಿಗಳಲ್ಲೂ ಸಿಗುತ್ತದೆ. ಕುಂಕುಮಕ್ಕೂ ಪೆನ್ಸಿಲ್ವೇನಿಯಾದ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಶೃಂಗೇರಿ ಮಠದ ಕೇಂದ್ರವೇ ಇದೆ. ಅಲ್ಲಿ ಸಿಗುವುದನ್ನೇ ಇಲ್ಲಿಂದ ಹೊರುವುದು ಪದ್ಧತಿ.

ಪ್ರಶ್ನೆ: ತಡೆ ಬೀಳುವುದು ಯಾವುದಕ್ಕೆ?

ತಕ್ಕಡಿ: ಒಣಕೊಬ್ಬರಿಗೆ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅಪಾಯಕಾರಿ ವಸ್ತುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ 1363ನೇ ಸಂಖ್ಯೆ ಕೊಟ್ಟಿದ್ದಾರೆ. ಚಟ್ನಿಪುಡಿಗೆಂದು ಅಜ್ಜಿ ತುರಿದಿಟ್ಟದ್ದು ಪೆಟ್ರೋಲಿನ ಪಂಕ್ತಿಯಲ್ಲಿ ಕೂತಿದೆ. ಆಸ್ಟ್ರೇಲಿಯಾಕ್ಕಾದರೆ ಬೀಜ, ಮರದ ಸಾಮಾನು, ತಿಂಡಿ ಎಲ್ಲವನ್ನೂ ಇಳಿದ ಕೂಡಲೇ ಬರೆದುಕೊಡಬೇಕು. ಮುಚ್ಚಿಟ್ಟವರಿಗೆ ದಂಡ. ಅಷ್ಟಾದರೂ ಮರದ ಸೌಟು ಸೀರೆಯ ಮಡಿಕೆಯಲ್ಲಿ ಅಡಗಿರುತ್ತದೆ.

ಪ್ರಶ್ನೆ: ಹಿಂದೆಯೂ ಹೀಗೇ ಇತ್ತೇ?

ತಕ್ಕಡಿ: ಭದ್ರಾ ಅಣೆಕಟ್ಟಿನ ಹಿನ್ನೀರು ನರಸಿಂಹರಾಜಪುರದ ಕಡೆ ಏರಿದಾಗ ಮನೆ ಬಿಟ್ಟವರಿಗೆ ಕಿಲೋ ಲೆಕ್ಕ ಇರಲಿಲ್ಲ. ತೋಟ ಮಾತ್ರ ಯಾವ ಗಾಡಿಗೂ ಹಿಡಿಯಲಿಲ್ಲ.

ಪ್ರಶ್ನೆ: ಹೊರಡುವವರಿಗೆ ಏನಾದರೂ ಸೂಚನೆ?

ತಕ್ಕಡಿ: ತುಂಬುವ ಮೊದಲು ಖಾಲಿ ಪೆಟ್ಟಿಗೆಯನ್ನು ತೂಗಿ ನೋಡಬೇಕು. ದೊಡ್ಡದಾದರೆ ಅದೇ ನಾಲ್ಕು ಕೆ.ಜಿ. ಎಳೆಯುತ್ತದೆ. ಅಡಿಕೆ ಮಂಡಿಯಲ್ಲಿ ಚೀಲದ ತೂಕ ಕಳೆದು ಲೆಕ್ಕ ಹಾಕುತ್ತಾರೆ, ವಿಮಾನದವರು ಕಳೆಯುವುದಿಲ್ಲ.