ಚಿಕ್ಕಪಡಸಲಗಿಯ ಸೂಕ್ಷ್ಮಜೀವಿಗಳಿಗೆ ಕಾರಣ ಕೇಳಿ ನೋಟಿಸ್

ಗೆ,
ನೈಟ್ರೊಸೊಮೊನಾಸ್ ಮತ್ತು ಬಳಗದವರು,
ಶ್ರಮಬಿಂದು ಸಾಗರದ ಹಿನ್ನೀರು, ಚಿಕ್ಕಪಡಸಲಗಿ, ತಾ. ಜಮಖಂಡಿ.

ವಿಷಯ: ಕೆಲಸ ಬಿಟ್ಟು ಸಾಮೂಹಿಕವಾಗಿ ಸಾಯುವ ನಿಮ್ಮ ಚಾಳಿಯ ಬಗ್ಗೆ.

ಸೂಕ್ಷ್ಮಜೀವಿಗಳೇ,

1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ಹಾದಿ ಕಾಯದೆ, ತಾವೇ ರೊಕ್ಕ ಕೂಡಿಸಿ, ಮೈಮುರಿದು ದುಡಿದು ಶ್ರಮಬಿಂದು ಸಾಗರವೆಂಬ ಈ ಬ್ಯಾರೇಜ್ ಕಟ್ಟಿದರು. ಬಾಡಿಗೆಯಿಲ್ಲದೆ ನಿಮಗೊಂದು ಮನೆಯಾಯಿತು. ಬಂದ ಹೊಲಸು ತಿಂದು ನೀರು ತಿಳಿ ಮಾಡಿಕೊಡಿ ಎಂದಷ್ಟೇ ನಾವು ಕೇಳಿದ್ದು. ಪಗಾರ ಕೊಟ್ಟಿಲ್ಲ, ನಿಜ. ಕೇಳಲು ನಿಮಗೆ ಬಾಯಿಯಾದರೂ ಎಲ್ಲಿದೆ?

ಊಟಕ್ಕಂತೂ ಕೊರತೆಯಿಲ್ಲ, ಇದು ಕಬ್ಬಿನ ಸೀಮೆ. ಕಾಕಂಬಿಯಿಂದ ಮದ್ಯಸಾರ ಇಳಿಸಿದ ಮೇಲೆ ಉಳಿಯುವ ಸ್ಪೆಂಟ್ ವಾಶ್‌ನ ಬಿಓಡಿ, ಅಂದರೆ ಅದನ್ನು ತಿಂದು ಮುಗಿಸಲು ನಿಮಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 40,000 ಮಿಲಿಗ್ರಾಂ ದಾಟುತ್ತದೆ. ನದಿಗೆ ಬಿಡುವ ನೀರಿಗೆ ಕಾನೂನಿನ ಮಿತಿ 30. ಯಾರೋ ಪುಣ್ಯಾತ್ಮರು ಸ್ಪೆಂಟ್ ವಾಶನ್ನು ರಾತ್ರೋರಾತ್ರಿ ಹಳ್ಳಕ್ಕೆ ಬಿಟ್ಟರೆ ನಿಮ್ಮಲ್ಲಿ ಕೆಲವರು ಗಬಗಬ ತಿಂದು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತಾರೆ. ಬೆಳಗಾದರೆ ಮೀನು ಸತ್ತು ತೇಲುತ್ತವೆ. ಸ್ಪೆಂಟ್ ವಾಶ್‌ಗೆ ಕಂದು ಬಣ್ಣ ಕೊಡುವ ಮೆಲನಾಯ್ಡಿನ್ ಮಾತ್ರ ಎಲೆಯ ಮೇಲೆ ಹಾಗೇ!

ಅಮೋನಿಯಾ ಭಕ್ಷಕ ನೈಟ್ರೊಸೊಮೊನಾಸ್ ಅವರೇ, ನಿಮ್ಮದು ತೀರಾ ನಾಜೂಕಾಯಿತು. ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೆ ಒಂದಿದ್ದದ್ದು ಎರಡಾಗುತ್ತದೆ. ನಿಮಗೆ ಹಲವು ತಾಸು ಬೇಕು. ಅದರ ಮೇಲೆ ತುಸು ಫಿನಾಲ್, ತುಸು ತಾಮ್ರ, ತುಸು ಕ್ರೋಮಿಯಂ ಸೋಕಿದರೆ ಕೆಲಸ ಬಂದ್. ಸ್ವಲ್ಪ ಉದ್ಯಮಸ್ನೇಹಿಯಾಗಿ.

ಆದರೂ ನಿಮ್ಮ ಸಾವು ವ್ಯರ್ಥವಲ್ಲ. ಬಿಓಡಿ ಪರೀಕ್ಷೆಯಲ್ಲಿ ನೀರನ್ನು ಬಾಟಲಿಗೆ ತುಂಬಿ, ಬಿರಡೆ ಹಾಕಿ, 27 ಡಿಗ್ರಿಯಲ್ಲಿ 3 ದಿನ ಕತ್ತಲಲ್ಲಿಡುತ್ತಾರೆ. ನೀವೆಷ್ಟು ಆಮ್ಲಜನಕ ಬಳಸಿದಿರೆಂದು ಅಳೆಯುತ್ತಾರೆ. ನೀರಿನಲ್ಲಿ ವಿಷವಿದ್ದರೆ ನೀವು ಬಾಟಲಿಯೊಳಗೇ ಸಾಯುತ್ತೀರಿ. ಸತ್ತವರು ಉಸಿರಾಡುವುದಿಲ್ಲವಲ್ಲ, ಆಮ್ಲಜನಕ ಉಳಿಯುತ್ತದೆ, ಅಂಕಿ ಇಳಿಯುತ್ತದೆ. ವಿಷ ಹೆಚ್ಚಿದಷ್ಟೂ ವರದಿ ಚೆಂದ! ಕೊಲೆಯಾದವನೇ ಕೊಲೆಗಾರನಿಗೆ ನಡತೆ ಪ್ರಮಾಣಪತ್ರ ಬರೆದುಕೊಡುವ ಸೌಕರ್ಯ ಇನ್ನೆಲ್ಲಿದೆ?

ಸಿಓಡಿ ಎಂಬ ಚಾಡಿಕೋರ ಪರೀಕ್ಷೆಯೊಂದಿದೆ. ಅದು ಡೈಕ್ರೋಮೇಟ್ ಎಂಬ ರಾಸಾಯನಿಕದಿಂದ ನಡೆಯುವ ಕಾರಣ ನಿಮ್ಮ ಹಂಗು ಅದಕ್ಕಿಲ್ಲ. ಅದನ್ನು ಯಾರಿಗೂ ಹೇಳಬೇಡಿ.

ಇಂತಿ,
ಅದೇ ನೀರು ಕುಡಿಯುವವ

ಪ್ರತಿ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರೈತರಿಗೆ. ನೀರಿನ ವರದಿ ಕೈಗೆ ಬಂದಾಗ ಬಿಓಡಿ ಒಂದನ್ನೇ ನೋಡಿ ಸಹಿ ಹಾಕಬೇಡಿ, ಸಿಓಡಿಯನ್ನೂ ಪಕ್ಕದಲ್ಲಿಟ್ಟು ನೋಡಿ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಇನ್ನೊಂದು ಪರೀಕ್ಷೆಯಿದೆ: ಕಾರ್ಖಾನೆ ಹೊರಬಿಡುವ ನೀರಿಗೆ ಬೇರೆ ನೀರು ಬೆರೆಸದೆ ಮೀನು ಬಿಟ್ಟರೆ, 96 ಗಂಟೆಯ ನಂತರ ನೂರಕ್ಕೆ 90 ಬದುಕಿರಬೇಕು. ಆ ವರದಿಯನ್ನೂ ಕೇಳಿ ಪಡೆಯಿರಿ.