ಮುಹೂರ್ತ ಇಡುವ ಸಮಸ್ತ ಜೋಯಿಸರಿಗೆ ಒಂದು ಬಹಿರಂಗ ಪತ್ರ

ವಿಷಯ: ಅಮೆರಿಕದ ಪ್ರಜೆಯ ಕೈಹಿಡಿಯುವ ವಧೂವರರ ವಲಸೆ ವೀಸಾ ಕಾಗದಪತ್ರಗಳ ಕುರಿತು.

ಮಾನ್ಯರೇ,

ಅಮೆರಿಕದ ಪ್ರಜೆಯನ್ನು ಮದುವೆಯಾದ ಮಾತ್ರಕ್ಕೆ ಅಲ್ಲಿ ಹೋಗಿ ಸಂಸಾರ ಹೂಡಲು ಬರುವುದಿಲ್ಲ. ಅದಕ್ಕೆ ವಲಸೆ ವೀಸಾ ಬೇಕು. ಆ ವೀಸಾದ ಕಡತ ಮೂರು ಬಾಗಿಲು ದಾಟಬೇಕು. ಪ್ರಜೆಯಾದ ಸಂಗಾತಿ ಮೊದಲು ಯುಎಸ್‌ಸಿಐಎಸ್ ಎಂಬ ಇಲಾಖೆಗೆ ಐ-130 ಪಿಟಿಷನ್ ಹಾಕುತ್ತಾರೆ. ಅದು ಮಂಜೂರಾದರೆ ಕಡತ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಎಲ್ಲರ ಬಾಯಲ್ಲೂ ಅದು ಎನ್‌ವಿಸಿ. ಅಲ್ಲಿ ಶುಲ್ಕ, ಅರ್ಜಿ, ಆದಾಯದ ದಾಖಲೆ ಎಲ್ಲ ಸರಿಹೋದ ಮೇಲೆ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ. ಮೂರೂ ಕಡೆ ಸುತ್ತಿ ಬಳಸಿ ಕೇಳುವುದು ಒಂದನ್ನೇ: ಈ ಮದುವೆ ನಿಜವೋ, ಗ್ರೀನ್ ಕಾರ್ಡಿಗಾಗಿ ಹೂಡಿದ ನಾಟಕವೋ? ಅಗ್ನಿಸಾಕ್ಷಿಯನ್ನು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುವ ಏರ್ಪಾಡು ಇನ್ನೂ ಆಗಿಲ್ಲವಾದ್ದರಿಂದ ಮುಹೂರ್ತ ಇಡುವವರ ಜವಾಬ್ದಾರಿ ತುಸು ಹೆಚ್ಚಿದೆ.

ಈ ಅನುಮಾನಕ್ಕೆ ಹಳೆಯ ವಂಶಾವಳಿ ಇದೆ. 1907ರ ಕಾನೂನಿನ ಪ್ರಕಾರ ಪರದೇಶಿಯನ್ನು ಮದುವೆಯಾದ ಅಮೆರಿಕದ ಹೆಂಗಸು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಪರದೇಶಿ ಹೆಣ್ಣನ್ನು ತಂದ ಗಂಡಸಿಗೆ ಅಂಥ ಯಾವ ದೋಷವೂ ತಟ್ಟುತ್ತಿರಲಿಲ್ಲ. 1922ರ ಕೇಬಲ್ ಆ್ಯಕ್ಟ್ ಇದನ್ನು ಸಡಿಲಿಸಿತು. ಆದರೆ ಪೌರತ್ವಕ್ಕೆ ಅನರ್ಹರೆನಿಸಿದ ಜನಾಂಗದವರ ಕೈಹಿಡಿದವರಿಗೆ ಆ ಸಡಿಲಿಕೆ ಸಿಗಲಿಲ್ಲ. ಮರುವರ್ಷ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರನ್ನೂ ಅನರ್ಹರ ಸಾಲಿಗೆ ಸೇರಿಸಿತು. ಕ್ರಾಂತಿಕಾರಿ ತಾರಕನಾಥ ದಾಸರ ಪತ್ನಿ ಮೇರಿ ಹುಟ್ಟಾ ಅಮೆರಿಕನ್ನರಾದರೂ ಈ ಕಾರಣಕ್ಕೆ ದೇಶವಿಲ್ಲದವರಾದರು. ಯುದ್ಧ ಮುಗಿಸಿ ಬಂದ ಸೈನಿಕರ ಹೆಂಡಂದಿರಿಗಾಗಿ 1945ರ ಡಿಸೆಂಬರಿನಲ್ಲಿ ವಾರ್ ಬ್ರೈಡ್ಸ್ ಆ್ಯಕ್ಟ್ ಬಂತು, ಬಾಗಿಲು ತೆರೆಯಿತು. 1986ರಲ್ಲಿ ಸುಳ್ಳು ಮದುವೆಗಳನ್ನು ತಡೆಯಲೆಂದೇ ಬೇರೊಂದು ಕಾನೂನು ಬಂತು, ಬಾಗಿಲಿಗೆ ಚಿಲಕವೂ ಬಂತು. ವೀಸಾಕ್ಕಾಗಿ ಸುಳ್ಳು ಮದುವೆಯಾದವರಿಗೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ನಿಜ ಮದುವೆಯಾದವರಿಗೆ ಕಾಗದಪತ್ರ.

ಪಂಚಾಂಗದ ಮಾತಿಗೆ ಬಂದರೆ, ಹೋಗುವ ದಾರಿ ಎರಡು. ಒಂದು ಕೆ-1, ಅಂದರೆ ಮದುವೆ ಗೊತ್ತಾದವರ ವೀಸಾ. ಅದರಲ್ಲಿ ಹೋದವರು ಅಮೆರಿಕಕ್ಕೆ ಕಾಲಿಟ್ಟ 90 ದಿನದೊಳಗೆ ಮದುವೆಯಾಗಲೇಬೇಕು. ನಡುವೆ ಆಷಾಢ ಬಂತೋ, ಶೂನ್ಯಮಾಸ ಬಂತೋ, ಶುಕ್ರ ಅಸ್ತನಾದನೋ, ಕಾನೂನಿಗೆ ಸಂಬಂಧವಿಲ್ಲ. ಅವಧಿ ವಿಸ್ತರಿಸುವ ಪದ್ಧತಿಯೂ ಇಲ್ಲ. ಪಿಟಿಷನ್ ಹಾಕುವ ಮುಂಚಿನ ಎರಡು ವರ್ಷದಲ್ಲಿ ಇಬ್ಬರೂ ಒಮ್ಮೆಯಾದರೂ ಮುಖಾಮುಖಿ ಆಗಿರಬೇಕೆಂಬ ಷರತ್ತಿದೆ. ಹಿರಿಯರು ಗೊತ್ತುಮಾಡಿದ ಮದುವೆಯಲ್ಲಿ ಧಾರೆಯವರೆಗೆ ವಧೂವರರು ಪರಸ್ಪರ ನೋಡಬಾರದೆಂಬ ಕಟ್ಟುನಿಟ್ಟಿನ ಸಂಪ್ರದಾಯವಿದ್ದರೆ ವಿನಾಯಿತಿ ಕೊಡಬಹುದೆಂದು ನಿಯಮದಲ್ಲೇ ಬರೆದಿದ್ದಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ಕೇಸರಿಬಾತು ತಿಂದು, ಆಮೇಲೆ ದಿನಾ ರಾತ್ರಿ ವಿಡಿಯೊ ಕಾಲ್ ಮಾಡುವ ಪೀಳಿಗೆಗೆ ಈ ವಿನಾಯಿತಿಯಿಂದ ಪ್ರಯೋಜನ ಕಡಿಮೆ.

ಕೆ-1ರಲ್ಲಿ ಜೋಯಿಸರ ಅತ್ಯುತ್ಸಾಹವೇ ಅಪಾಯ. ನಮ್ಮ ಕಡೆಯ ನಿಶ್ಚಿತಾರ್ಥ ಎಂದರೆ ಛತ್ರ, ಹಾರ ಬದಲಾವಣೆ, ಉಂಗುರ, ಆರತಿ, ಮುನ್ನೂರು ಎಲೆ ಊಟ. ಈ ಫೋಟೋಗಳನ್ನು ನೋಡಿದ ಅಧಿಕಾರಿ, ಇವರಿಗೆ ಆಗಲೇ ಮದುವೆಯಾಗಿದೆ, ಮದುವೆಯಾಗದವರ ವೀಸಾ ಕೊಡಲು ಬರುವುದಿಲ್ಲ ಎಂದು ತಿರಸ್ಕರಿಸುವುದುಂಟು. ಇನ್ನೊಂದು ದಾರಿಯಲ್ಲಿ, ಅಂದರೆ ಮದುವೆಯಾಗಿ ಐ-130 ಹಾಕುವಲ್ಲಿ, ಇದೇ ಫೋಟೋಗಳ ಸಂಖ್ಯೆ ಸಾಲದೆ ಹೋಗಬಹುದು. ಆದ್ದರಿಂದ ನಿಶ್ಚಿತಾರ್ಥದ ಮಂತ್ರ ಶುರುಮಾಡುವ ಮುನ್ನ ಯಾವ ನಮೂನೆ ತುಂಬುತ್ತಿದ್ದಾರೆಂದು ವಿಚಾರಿಸಿಕೊಳ್ಳುವುದು ಕ್ಷೇಮ.

ಮದುವೆ ಎದುರೆದುರೇ ಆಗಬೇಕೆಂಬುದೂ ಮುಖ್ಯ. ವರ ಡಲ್ಲಾಸಿನಲ್ಲಿ, ವಧು ದಾವಣಗೆರೆಯಲ್ಲಿ ಕುಳಿತು ಪರದೆಯ ಮೇಲೆ ಆದ ಮದುವೆಯನ್ನು ಅಮೆರಿಕದ ವಲಸೆ ಕಾನೂನು ಹಾಗೇ ಒಪ್ಪುವುದಿಲ್ಲ. ಆಮೇಲೆ ಇಬ್ಬರೂ ಕೂಡಿದ್ದರೆ ಮಾತ್ರ ಒಪ್ಪುತ್ತದೆ. ಪ್ರಸ್ತದ ಶಾಸ್ತ್ರಕ್ಕೆ ಯಾರನ್ನೂ ಸಾಕ್ಷಿ ಕರೆಯಬೇಕಿಲ್ಲ, ಇಬ್ಬರೂ ಒಂದೇ ಊರಿನಲ್ಲಿದ್ದುದಕ್ಕೆ ಪಾಸ್‌ಪೋರ್ಟಿನ ಮೊಹರು, ಹೋಟೆಲಿನ ಬಿಲ್ಲು ಇದ್ದರಾಯಿತು.

ಇನ್ನು ಎರಡು ವರ್ಷದ ಲೆಕ್ಕ. ಅಮೆರಿಕದೊಳಗೆ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಸಿಆರ್-1, ಅಂದರೆ ಎರಡು ವರ್ಷಕ್ಕೆ ಮುಗಿಯುವ ಷರತ್ತಿನ ಗ್ರೀನ್ ಕಾರ್ಡು. ತುಂಬಿದ್ದರೆ ಐಆರ್-1, ಹತ್ತು ವರ್ಷದ ಕಾರ್ಡು. ಕಡತ ಎಳೆದಾಡಿ ಎರಡನೇ ವಾರ್ಷಿಕೋತ್ಸವದ ಹೊಸ್ತಿಲಿಗೆ ಬಂದಾಗ ವೀಸಾ ಕೈಗೆ ಬಂದರೆ, ಬುದ್ಧಿವಂತರು ವಿಮಾನದ ಟಿಕೆಟನ್ನು ಒಂದೆರಡು ವಾರ ಮುಂದಕ್ಕೆ ಹಾಕುತ್ತಾರೆ. ಪ್ರಯಾಣಕ್ಕೆ ಒಳ್ಳೆಯ ದಿನ ಕೇಳಿಕೊಂಡು ಬಂದವರಿಗೆ ರಾಹುಕಾಲದ ಜೊತೆಗೆ ಇದನ್ನೂ ಹೇಳಿ ಕಳಿಸಿದರೆ ದಕ್ಷಿಣೆಗೆ ನ್ಯಾಯ ಸಂದಂತೆ.

ಮದುವೆ ನಡೆದದ್ದಕ್ಕೆ ನೋಂದಣಿ ಪತ್ರವಿದ್ದರೆ ಸಾಕು. ಅದು ನಿಜವೆನ್ನಲು ಬೇಕಾದದ್ದು ಬೇರೆ: ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆಯಲ್ಲಿ ಒಬ್ಬರಿಗೊಬ್ಬರು ನಾಮಿನಿ, ಒಟ್ಟಿಗೆ ಪ್ರಯಾಣ ಮಾಡಿದ ಟಿಕೆಟುಗಳು, ಮಾತುಕತೆಯ ದಾಖಲೆ. ಒಂದೇ ಸೂರಿನಡಿ ಇರಲು ಅನುಮತಿ ಕೇಳುತ್ತಿರುವವರಿಂದ ಒಂದೇ ಸೂರಿನಡಿ ಇದ್ದ ಪುರಾವೆ ಕೇಳುವುದು ಈ ವ್ಯವಸ್ಥೆಯ ವೈಶಿಷ್ಟ್ಯ. ವೀಸಾ ಇಲ್ಲದ ಹೆಂಡತಿ ಡಲ್ಲಾಸಿನ ಬ್ಯಾಂಕಿಗೆ ಹೋಗಿ ಸಹಿ ಹಾಕುವುದು ಹೇಗೆಂದು ನಮೂನೆ ಹೇಳುವುದಿಲ್ಲ. ಪರಿಣಾಮವಾಗಿ ದಂಪತಿಗಳು ಬದುಕುವುದಕ್ಕಿಂತ ದಾಖಲಿಸುವುದನ್ನು ಮೊದಲು ಕಲಿಯುತ್ತಾರೆ. ಜಗಳವಾಡಿದ ರಾತ್ರಿಯ ವಾಟ್ಸ್‌ಆ್ಯಪ್ ಸಂದೇಶವನ್ನೂ ಅಳಿಸದೆ ಇಟ್ಟುಕೊಳ್ಳುತ್ತಾರೆ. ಬಾಡಿಗೆಗೆ ತಂದ ಗಂಡನ ಜೊತೆ ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ಯಾರೂ ಮುಕ್ಕಾಲು ಗಂಟೆ ಜಗಳವಾಡುವುದಿಲ್ಲ ಎಂಬ ನಂಬಿಕೆಯಿಂದ.

ಮದುವೆಯ ಆಲ್ಬಮ್ಮಿನ ಸ್ಥಿತಿಯನ್ನು ಜೋಯಿಸರು ಒಮ್ಮೆ ನೋಡಬೇಕು. ಧಾರೆಯ ಫೋಟೋ ಎಂದರೆ ಪಿಟಿಷನ್ನಿನ ಮುಕುಟಮಣಿ. ಅದರಲ್ಲಿ ಬಾಸಿಂಗದ ಎಳೆಗಳ ಹಿಂದೆ ವರನ ಮುಖ ಅರ್ಧ, ಮೇಲಕ್ಕೆತ್ತಿದ ತೆಂಗಿನಕಾಯಿಯ ಹಿಂದೆ ವಧುವಿನ ಮುಖ ಕಾಲುಭಾಗ, ಉಳಿದೆಲ್ಲ ಪುರೋಹಿತರ ಬೆನ್ನು. ಅಕ್ಷತೆ ಬೀಳುವ ಕ್ಷಣವನ್ನು ಹಿಡಿದ ಫೋಟೋದಲ್ಲಿ ಜನ ಕಾಣುತ್ತಾರೆ, ದಂಪತಿ ಕಾಣುವುದಿಲ್ಲ. ಪ್ರತಿ ಫೋಟೋದ ಕೆಳಗೂ ದಿನ, ಸ್ಥಳ, ಇದ್ದವರ ಹೆಸರು, ಸಂಬಂಧ ಬರೆಯುವುದು ರೂಢಿ. ವಧುವಿನ ಸೋದರಮಾವ, ವರನ ಚಿಕ್ಕಮ್ಮ, ಅಡುಗೆ ಭಟ್ಟರು ಎಂದು ಬರೆಯುತ್ತ ಬಂದವರು ಸಫಾರಿ ಸೂಟಿನ ಒಬ್ಬರ ಬಳಿ ನಿಲ್ಲುತ್ತಾರೆ. ಎರಡೂ ಕಡೆಯವರು ಅವರನ್ನು ಇನ್ನೊಂದು ಕಡೆಯವರೆಂದೇ ತಿಳಿದಿರುತ್ತಾರೆ. ಮಾಂಗಲ್ಯಧಾರಣೆಯ ಹೊತ್ತಿಗೆ ಪುರೋಹಿತರು ಒಂದು ಮೊಳ ಎಡಕ್ಕೆ ಸರಿದು ಕೂತರೆ ಶಾಸ್ತ್ರಕ್ಕೆ ಲೋಪವಿಲ್ಲ, ಕಡತಕ್ಕೆ ಬಹಳ ಉಪಕಾರ.

ನಾಮಕರಣ ಮಾಡಿಸುವವರ ಪಾಲೂ ಇದರಲ್ಲಿ ದೊಡ್ಡದು. ತೊಟ್ಟಿಲಲ್ಲಿ ಇಟ್ಟ ಹೆಸರು ಒಂದು, ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದ ಹೆಸರು ಇನ್ನೊಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ಅಪ್ಪನ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ಲುಗಳ ವಿಸ್ತರಣೆ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೇ ಅಡ್ಡಹೆಸರಾಗುತ್ತದೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ: ಹೆಸರು ತಿಳಿದಿಲ್ಲ ಎಂಬುದರ ಗುರುತು. ನಕ್ಷತ್ರ, ಪಾದ, ಅಕ್ಷರ ನೋಡಿ ಇಟ್ಟ ಹೆಸರಿನ ಗತಿ ಇದು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಕಲಂ ಖಾಲಿಯಿದ್ದರೆ ಸೇರಿಸಿಕೊಡಲು 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಹಳ್ಳಿಯ ಮನೆಯಲ್ಲಿ ಹುಟ್ಟಿ ನೋಂದಣಿಯೇ ಆಗದವರಿಗೆ ದಾಖಲೆ ಲಭ್ಯವಿಲ್ಲವೆಂಬ ಪತ್ರ ಮತ್ತು ಹುಟ್ಟನ್ನು ಕಂಡ ಹಿರಿಯರ ಅಫಿಡವಿಟ್ಟು ಬೇಕು. ನಾಲ್ಕು ಹೆಸರಿನವರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಇನ್ನೊಂದು ಅಫಿಡವಿಟ್ಟು. ಒಂದು ಸಮಾಧಾನವೆಂದರೆ, ರೋಮನ್ ಲಿಪಿ ಬಳಸದ ಭಾಷೆಯವರು ಹೆಸರು ವಿಳಾಸವನ್ನು ತಮ್ಮ ಲಿಪಿಯಲ್ಲೇ ಬರೆಯಲು ಐ-130ರಲ್ಲಿ ಜಾಗ ಬಿಟ್ಟಿದ್ದಾರೆ. ಅಲ್ಲಿ ಕನ್ನಡವನ್ನು ಯಾರೂ ತಡೆಯುವುದಿಲ್ಲ.

ವರನೋ ವಧುವೋ ಹಿಂದೂ ಅಲ್ಲದ ಅಮೆರಿಕನ್ನರಾದರೆ ಮಂಟಪದ ಮದುವೆಯೊಂದೇ ಸಾಲದು. 1954ರ ವಿಶೇಷ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು, ನೋಟಿಸು ಹಾಕಿ ಮತ್ತೆ 30 ದಿನ ಆಕ್ಷೇಪಣೆಗೆ ಕಾಯಬೇಕು, ಮೂವರು ಸಾಕ್ಷಿ ಬೇಕು. ಎರಡು ವಾರದ ರಜೆ ಹಾಕಿ ಬಂದ ಅಳಿಯನಿಗೆ ಇದನ್ನು ವಿವರಿಸುವ ಕೆಲಸ ಹೆಣ್ಣಿನ ತಂದೆಯದು.

ಪಿಟಿಷನ್ನಿಗೆ 2024ರ ಏಪ್ರಿಲ್‌ನಿಂದ ಆನ್‌ಲೈನಿನಲ್ಲಾದರೆ 625 ಡಾಲರ್, ಕಾಗದದಲ್ಲಾದರೆ 675. ಎನ್‌ವಿಸಿಯಲ್ಲಿ ಅರ್ಜಿಗೆ 325, ಸ್ಪಾನ್ಸರ್ ಪತ್ರದ ಪರಿಶೀಲನೆಗೆ 120. ಈ ಸ್ಪಾನ್ಸರ್ ಪತ್ರ, ಅಂದರೆ ಐ-864, ಇಡೀ ಕಡತದಲ್ಲಿ ಅತ್ಯಂತ ಗಂಭೀರವಾದದ್ದು. ಬರುವ ಸಂಗಾತಿ ಸರ್ಕಾರಕ್ಕೆ ಹೊರೆಯಾಗದಂತೆ ನೋಡಿಕೊಳ್ಳುತ್ತೇನೆಂದು ಪ್ರಜೆಯಾದವರು ಬರೆದುಕೊಡುವ ಮುಚ್ಚಳಿಕೆ ಅದು. ಆದಾಯ ಬಡತನದ ಗೆರೆಯ ಶೇ. 125ರಷ್ಟಾದರೂ ಇರಬೇಕು, 2025ರ ಲೆಕ್ಕದಲ್ಲಿ ಇಬ್ಬರ ಸಂಸಾರಕ್ಕೆ ಹೆಚ್ಚಿನ ರಾಜ್ಯಗಳಲ್ಲಿ 26,437 ಡಾಲರ್. ಕಡಿಮೆ ಬಿದ್ದರೆ ಕೊರತೆಯ ಮೂರರಷ್ಟು ಆಸ್ತಿ ತೋರಿಸಬೇಕು, ಇಲ್ಲವೆ ಇನ್ನೊಬ್ಬ ಸ್ಪಾನ್ಸರನ್ನು ಹಿಡಿದು ತರಬೇಕು. ಈ ಹೊಣೆ ಕಳಚುವುದು ಸಂಗಾತಿ ಅಮೆರಿಕದ ಪ್ರಜೆಯಾದಾಗ, ಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಜಮೆಯಾದಾಗ, ದೇಶ ಬಿಟ್ಟುಹೋದಾಗ ಅಥವಾ ತೀರಿಕೊಂಡಾಗ. ವಿಚ್ಛೇದನವಾದರೆ ಮದುವೆ ಹೋಗುತ್ತದೆ, ಐ-864 ಉಳಿಯುತ್ತದೆ. ಏಳೇಳು ಜನ್ಮದ ಅನುಬಂಧವೆಂದು ಮಂಟಪದಲ್ಲಿ ಹೇಳುವವರು ಈ ಜನ್ಮದ ಮಟ್ಟಿಗೆ ಇದನ್ನು ಉದಾಹರಣೆಯಾಗಿ ಕೊಡಬಹುದು.

ಡಿಎಸ್-260 ಎಂಬ ಆನ್‌ಲೈನ್ ಅರ್ಜಿ 16ನೇ ವಯಸ್ಸಿನಿಂದ ವಾಸವಿದ್ದ ಎಲ್ಲ ವಿಳಾಸಗಳನ್ನೂ ಕೇಳುತ್ತದೆ: ಹಾಸ್ಟೆಲ್ಲು, ಪಿಜಿ, ಪಿಯುಸಿಗೆಂದು ಇದ್ದ ದೊಡ್ಡಮ್ಮನ ಮನೆ. ಐದು ವರ್ಷದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಕೇಳುತ್ತದೆ. ಗೂಢಚರ್ಯೆಗೆ ಬರುತ್ತಿದ್ದೀರಾ, ನರಮೇಧದಲ್ಲಿ ಪಾಲ್ಗೊಂಡಿದ್ದೀರಾ, ಬಹುಪತ್ನಿತ್ವ ಆಚರಿಸಲು ಬರುತ್ತಿದ್ದೀರಾ ಎಂದು ವಿಚಾರಿಸುತ್ತದೆ. ಅರಸೀಕೆರೆಯ ಪ್ರೌಢಶಾಲೆಯ ಗಣಿತದ ಟೀಚರು ಇವಕ್ಕೆಲ್ಲ ಒಂದೊಂದಾಗಿ ಇಲ್ಲ ಎಂದು ಗುರುತು ಹಾಕಬೇಕು. ಪಾಸ್‌ಪೋರ್ಟ್ ಕಚೇರಿಯಿಂದ ಪಿಸಿಸಿ ಎಂಬ ಪೊಲೀಸ್ ಪ್ರಮಾಣಪತ್ರ, ಗೊತ್ತುಪಡಿಸಿದ ವೈದ್ಯರಲ್ಲಿ ಎಕ್ಸ್‌ರೇ ಮತ್ತು ಲಸಿಕೆ, ಕನ್ನಡಕ ತೆಗೆದು ತೆಗೆಸಿದ ಎರಡಿಂಚು ಚದರದ ಫೋಟೋ, ಇವೆಲ್ಲ ಸೇರಿದರೆ ಕಡತಕ್ಕೆ ಮೋಕ್ಷ.

ಇಂಟರ್‌ವ್ಯೂ ಬಹುಮಟ್ಟಿಗೆ ಮುಂಬೈಯಲ್ಲಿ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ. ಕೇಸ್ ನಂಬರು ಇವತ್ತಿಗೂ ಬಿಎಂಬಿ ಎಂದೇ ಶುರುವಾಗುತ್ತದೆ. ಊರು ಹೆಸರು ಬದಲಿಸಿದ್ದು ಕಡತಕ್ಕೆ ತಿಳಿದಂತಿಲ್ಲ, ಅಥವಾ ಅದೂ ಅಫಿಡವಿಟ್ಟು ಸಲ್ಲಿಸಬೇಕೇನೋ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆಯಾಯಿತು, ವೀಸಾ ಸೇವೆಯಿಲ್ಲದೆ. ಮುಂಬೈಯಲ್ಲಿ ಗಾಜಿನ ಕಿಂಡಿಯ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡಿದ ಮೇಲೆ ಪ್ರಶ್ನೆಗಳು: ಪರಿಚಯವಾದದ್ದು ಹೇಗೆ, ಮದುವೆಗೆ ಎಷ್ಟು ಜನ ಬಂದಿದ್ದರು, ಗಂಡನ ಕೆಲಸವೇನು. ಸಾಕೆನಿಸಿದರೆ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ. ಸಾಲದಿದ್ದರೆ ದಾಖಲೆಯೋ ವಿಚಾರಣೆಯೋ ಬಾಕಿಯಿದೆ ಎನ್ನುವ 221(ಜಿ) ಚೀಟಿ ಕೊಡುತ್ತಾರೆ, ಅದು ಇತ್ಯರ್ಥವಾಗಲು ವಾಯಿದೆ ಇರುವುದಿಲ್ಲ. ನಿರಾಕರಿಸಿದರೆ ಕೋರ್ಟಿಗೆ ಹೋಗುವ ದಾರಿಯೂ ಕಿರಿದು. ಸಂಗಾತಿಯನ್ನು ದೇಶದೊಳಗೆ ಕರೆತರುವುದು ಪ್ರಜೆಯ ಮೂಲಭೂತ ಹಕ್ಕಲ್ಲವೆಂದು 2024ರ ಜೂನಿನಲ್ಲಿ ಮುನ್ಯೋಸ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ವೀಸಾ ಬಂದು, ಇನ್ನೊಂದು 235 ಡಾಲರ್ ಕಟ್ಟಿ, ಕಾರ್ಡು ಮನೆಗೆ ಬಂದರೂ ಸಿಆರ್-1ನವರಿಗೆ ಪರೀಕ್ಷೆ ಬಾಕಿ. ಎರಡು ವರ್ಷ ಮುಗಿಯುವ ಮುಂಚಿನ 90 ದಿನದೊಳಗೆ ಷರತ್ತು ತೆಗೆಸಲು ಇಬ್ಬರೂ ಸೇರಿ ಐ-751 ಹಾಕಬೇಕು. ಆ 90 ದಿನಕ್ಕೂ ಆಷಾಢ ಲೆಕ್ಕಕ್ಕಿಲ್ಲ. ಬ್ಯಾಂಕು, ಬಾಡಿಗೆ, ಫೋಟೋ ಎಲ್ಲ ಮತ್ತೆ ಮೊದಲಿಂದ. ಗ್ರೀನ್ ಕಾರ್ಡು ಬಂದ ಮೇಲೆ ಪ್ರಜೆಯೊಂದಿಗೆ ಮೂರು ವರ್ಷ ಸಂಸಾರ ಮಾಡಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಐ-751ಕ್ಕೆ ದಂಪತಿಯನ್ನು ಬಲ್ಲ ಇಬ್ಬರ ಪ್ರಮಾಣಪತ್ರವನ್ನೂ ಲಗತ್ತಿಸಬಹುದು. ಬಲ್ಲವರು ತಮ್ಮ ಹೆಸರು, ವಿಳಾಸ, ಹುಟ್ಟಿದ ದಿನ, ಹುಟ್ಟಿದ ಊರು ಬರೆಯಬೇಕು. ದಂಪತಿ ಜೋಯಿಸರನ್ನೇ ಕೇಳಿಕೊಂಡು ಬಂದರೆ, ಜನ್ಮನಕ್ಷತ್ರ ಬರೆಯಲು ಆ ಪತ್ರದಲ್ಲಿ ಜಾಗವಿಲ್ಲ, ಇಸವಿ ಮಾತ್ರ ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ.

ಇಂತಿ,
ಕಡತ ಬಲ್ಲವರು