ವೀಸಾ ಮಗಳಿಗೆ, ಪರೀಕ್ಷೆ ಅಪ್ಪನಿಗೆ

ಜೂನ್ ಮಳೆಯಲ್ಲಿ ಕಳಸದ ಪೇಟೆಯೊಳಗೆ ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಫೈಲು ಅವುಚಿಕೊಂಡು, ಬ್ಯಾಂಕಿನಿಂದ ಜೆರಾಕ್ಸ್ ಅಂಗಡಿಗೂ ಅಲ್ಲಿಂದ ನೋಟರಿಯ ಹತ್ತಿರಕ್ಕೂ ಓಡಾಡುವ ಐವತ್ತು ದಾಟಿದ ಬೆಳೆಗಾರರೊಬ್ಬರು ಕಂಡರೆ, ಪಾಪ, ಜಾಗದ ತಕರಾರು ಇರಬೇಕು ಅಂದುಕೊಳ್ಳುವುದು ವಾಡಿಕೆ. ಈಚೆಗೆ ಆ ಅಂದಾಜು ತಪ್ಪುತ್ತಿದೆ. ಅವರ ಮಗಳು ಬೆಂಗಳೂರಲ್ಲೋ ಮಂಗಳೂರಲ್ಲೋ ಇಂಜಿನಿಯರಿಂಗ್ ಓದುತ್ತಿದ್ದು, ಒಂದು ಸೆಮಿಸ್ಟರ್ ಮಟ್ಟಿಗೆ ಎಕ್ಸ್‌ಚೇಂಜ್ ಮೇಲೆ ಇಟಲಿಗೆ ಹೊರಟಿರುತ್ತಾಳೆ. ಹೊರಟವಳು ಹಾಸ್ಟೆಲಿನಲ್ಲಿ ನೆಮ್ಮದಿಯಾಗಿ ಇಂಟರ್ನಲ್ಸ್ ಬರೆಯುತ್ತಿರುತ್ತಾಳೆ. ಇಲ್ಲಿ ಅಪ್ಪನಿಗೆ ರಾತ್ರಿ ನಿದ್ದೆಯಿಲ್ಲ. ಹೆಸರಿಗೆ ಇದು ವಿದ್ಯಾರ್ಥಿ ವಿನಿಮಯ. ಅರ್ಜಿ, ತಾಲೀಮು, ನಪಾಸಾಗುವ ಭಯ ಎಲ್ಲವೂ ಊರಲ್ಲೇ ಉಳಿಯುವ ಈ ಮನುಷ್ಯನ ಪಾಲಿಗೆ ಬರುತ್ತವೆ ಎಂಬುದು ನನ್ನ ವಾದ.

ಮಗಳಿಗೆ ತಯಾರಿ ಬೇಡವೇ ಎಂದರೆ, ಅವಳದ್ದು ಯಾವತ್ತೋ ಮುಗಿದಿದೆ. ಈ ಕಡೆಯ ಮಕ್ಕಳು ಹೈಸ್ಕೂಲಿಗೋ ಪಿಯುಸಿಗೋ ಟ್ರಂಕು ಹೊತ್ತು ಉಜಿರೆ, ಮೂಡುಬಿದಿರೆಯ ಹಾಸ್ಟೆಲು ಸೇರಿ, ಘಟ್ಟದ ಕೆಳಗಿನ ಸೆಖೆಗೆ, ಕುಚ್ಚಲಕ್ಕಿ ಅನ್ನಕ್ಕೆ, ತುಳು ಮಾತಿಗೆ ಒಗ್ಗಿಕೊಂಡವರು. ಪರಭಾಷೆಯ ನಡುವೆ ಬಟ್ಟೆ ಒಗೆದುಕೊಂಡು ಬದುಕುವುದು ಹೇಗೆಂದು ವಿದೇಶದ ಕಾಲೇಜು ಹೊಸಬರಿಗೆ ಒಂದು ವಾರ ಪಾಠ ಮಾಡುತ್ತದಂತೆ. ಕುದುರೆಮುಖದ ತಿರುವುಗಳಲ್ಲಿ ಕಿಟಕಿಗೆ ತಲೆ ಕೊಟ್ಟು ವಾಂತಿ ತಡೆದುಕೊಂಡು ಬಜಗೋಳಿ ತಲುಪುವುದನ್ನು ಕಲಿತವಳಿಗೆ ಆಲ್ಪ್ಸ್ ಪರ್ವತದ ರೈಲು ಯಾವ ಲೆಕ್ಕ? ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಮನೆಯಲ್ಲಿ ಸಿಇಟಿಗೆ ಓದಿದ್ದಾಳೆ. ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತೆಸೆದು ಮಾತು ಮುಂದುವರಿಸಬಲ್ಲಳು. ಮಿಲಾನಿನ ಚಳಿ ಇವಳನ್ನು ಹೆದರಿಸಲು ಇನ್ನಷ್ಟು ಶ್ರಮಪಡಬೇಕು.

ಅಪ್ಪನೂ ಮೊದಲಿಗೆ ಹೆದರುವುದಿಲ್ಲ. ಹೊಂದಾಣಿಕೆಯ ಸ್ವರೂಪ ಅವರಿಗೆ ತಟ್ಟನೆ ಅರ್ಥವಾಗುತ್ತದೆ: ಮಗಳು ಫೀಸು ಕಟ್ಟುವುದು ಇಲ್ಲಿಯ ಕಾಲೇಜಿಗೆ, ಅಲ್ಲಿಯವರು ಫೀಸು ಕೇಳುವುದಿಲ್ಲ, ಅಲ್ಲಿಂದಲೂ ಅಷ್ಟೇ ಜನ ಇಲ್ಲಿಗೆ ಬರಬೇಕು. 'ಓ, ಮುಯ್ಯಾಳು!' ಎನ್ನುತ್ತಾರೆ. ನೆಟ್ಟಿ ಕಾಲಕ್ಕೆ ನಿಮ್ಮನೆಯಿಂದ ಇಬ್ಬರು ನಮ್ಮ ಗದ್ದೆಗೆ, ನಮ್ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ, ಕೂಲಿಯ ಮಾತಿಲ್ಲ. ಎಡವಟ್ಟಾಗುವುದು ವೀಸಾದವರು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದಾಗ. ತೊಂಬತ್ತು ದಿನ ಮೀರಿ ಇರುವವರಿಗೆ ಬೇರೆಯೇ ವೀಸಾ. ಖರ್ಚು ನಿಭಾಯಿಸುವಷ್ಟು ದುಡ್ಡಿದೆ ಎಂದು ತೋರಿಸಬೇಕು, ಅದೂ ತಿಂಗಳುಗಟ್ಟಲೆ ಖಾತೆಯಲ್ಲಿ ಮಲಗಿದ ದುಡ್ಡಾಗಿರಬೇಕು. ಕಾಫಿ ಬೆಳೆಗಾರನ ದುಡ್ಡು ಎಲ್ಲಿ ಮಲಗುತ್ತದೆ? ಫೆಬ್ರವರಿಯಲ್ಲಿ ಕಣದಿಂದ ಎತ್ತಿದ ರೋಬಸ್ಟಾ ಚೆರಿ ಗೋಡೌನಿನಲ್ಲಿ ಚೀಲದೊಳಗೆ ಮಲಗಿದೆ, ರೇಟು ಇನ್ನೂ ಏರುತ್ತದೆಂಬ ನಂಬಿಕೆಯ ಮೇಲೆ. ಖಾತೆಯಲ್ಲಿ ಕಾಣುವುದು ವಾರದ ಬಟವಾಡೆ, ಗೊಬ್ಬರದಂಗಡಿ ಬಾಕಿ, ಸೊಸೈಟಿ ಸಾಲದ ಕಂತು. ಆದಾಯ ತೆರಿಗೆ ರಿಟರ್ನ್ಸ್ ಕೊಡಿ ಅಂದರೆ ಅದೂ ಇಲ್ಲ; ಕೃಷಿ ಆದಾಯಕ್ಕೆ ಆ ತೆರಿಗೆಯೇ ಇಲ್ಲವಲ್ಲ. ಇರುವ ಒಂದೇ ಆಧಾರ ಪಹಣಿ. ಅದನ್ನು ಇಂಗ್ಲಿಷಿಗೆ ಮಾಡಿಸಿದರೆ 'ಖರಾಬು' ಎಂಬ ಕಾಲಂ ಎದ್ದು ಕಾಣುತ್ತದೆ, ಇಟಲಿಯ ಅಧಿಕಾರಿ ಇಡೀ ತೋಟವೇ ಕೆಟ್ಟಿದೆ ಅಂದುಕೊಂಡರೆ ಗತಿಯೇನು? ಕಡೆಗೆ ಒಂದು ಲೋಡು ಕಾಫಿ ಮಾರಲೇಬೇಕಾಗುತ್ತದೆ. ಮಾರಿದ ಮಾರನೆಯ ವಾರ ರೇಟು ಏರುತ್ತದೆ. ಇದು ಮಲೆನಾಡಿನ ನಿಯಮ, ಇದಕ್ಕೆ ಪುರಾವೆ ಕೇಳಬೇಡಿ. ಇಷ್ಟರ ಮೇಲೆ ದಿಢೀರನೆ ಬಂದ ಇಷ್ಟು ದೊಡ್ಡ ಜಮೆ ಅನುಮಾನಕ್ಕೆ ಎಡೆ ಮಾಡುತ್ತದೆ ಎಂದು ಬೆಂಗಳೂರಿನ ಏಜೆಂಟು ಫೋನಿನಲ್ಲಿ ಎಚ್ಚರಿಸುತ್ತಾನೆ. ವರ್ಷಕ್ಕೊಮ್ಮೆ ಬರುವ ದುಡ್ಡು ದಿಢೀರನೆ ಬಾರದೆ ಹನಿಹನಿಯಾಗಿ ಬರುತ್ತದೆಯೇ?

ಇನ್ನು ಸಾಮಾನು. ಪೆಟ್ಟಿಗೆ ತುಂಬುವವರು ಅಮ್ಮ, ಆದ್ದರಿಂದ ನಿಜವಾದ ಪರೀಕ್ಷೆ ಅವರದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪಬಹುದಾದ ಮಾತೇ. ಆದರೆ ಅಮ್ಮನಿಗೆ ತುಂಬುವುದು ಮಾತ್ರ ಗೊತ್ತು, ಇಪ್ಪತ್ಮೂರು ಕೆ.ಜಿ.ಗೆ ಇಳಿಸುವ ಪಾಪದ ಕೆಲಸ ಅಪ್ಪನದು. ಕಾಫಿ ತೂಗುವ ತಕ್ಕಡಿಯ ಮೇಲೆ ಸೂಟ್‌ಕೇಸ್ ಇಟ್ಟು, ಹಲಸಿನ ಹಪ್ಪಳದ ಕಟ್ಟು, ಅಪ್ಪೆಮಿಡಿ ಜಾಡಿ, ಸಾರಿನ ಪುಡಿ ಒಂದೊಂದಾಗಿ ಹೊರಗಿಡುತ್ತ, ಪ್ರತಿಯೊಂದಕ್ಕೂ ಬೈಸಿಕೊಳ್ಳುತ್ತಾರೆ. ಕಾನೂನು ಓದಿಕೊಳ್ಳುವವರೂ ಅವರೇ. ಯುರೋಪ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಹಾಗಾಗಿ ಮನೆಯ ತುಪ್ಪಕ್ಕೆ ಪ್ರವೇಶವಿಲ್ಲ. ಹಣ್ಣುಹಂಪಲಿಗೆ ರೋಗವಿಲ್ಲವೆಂಬ ಸರ್ಟಿಫಿಕೇಟು ಬೇಕು, ಆದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿಗೆ ಬೇಡ. ಕಾಯಿಗೆ ಅಲ್ಲಿ ಅಡ್ಡಿಯಿಲ್ಲ ಅಂತ ಸಂತೋಷಪಟ್ಟರೆ, ಒಣಕೊಬ್ಬರಿ ಬೆಂಕಿ ಹತ್ತುವ ವಸ್ತುಗಳ ಪಟ್ಟಿಯಲ್ಲಿದ್ದು ವಿಮಾನದವರು ತಡೆಯುತ್ತಾರೆ. ಕಳಸೇಶ್ವರನ ಮುಂದೆ ಒಡೆದ ಕಾಯಿಯನ್ನು ಒಣಗಿಸಿ ಪ್ರಸಾದವೆಂದು ಕಳಿಸಬೇಕೆಂದಿದ್ದ ಅಜ್ಜಿಗೆ ಇದನ್ನು ಬಿಡಿಸಿ ಹೇಳುವ ಹೊಣೆ ಯಾರದು?

ಇದೆಲ್ಲ ಬರೀ ತೋರಿಕೆ, ಊರೆಲ್ಲ ನೋಡಲಿ ಅಂತ ಫೈಲು ಹಿಡಿದು ತಿರುಗುತ್ತಾರೆ ಎನ್ನುವವರಿದ್ದಾರೆ. ತೋರಿಕೆ ಇಲ್ಲವೆನ್ನಲಾರೆ. ಆದರೆ ಈ ಬೆಟ್ಟಗಳಿಗೆ ಪರದೇಶದ ನಂಟು ಹೊಸತಾಗಿದ್ದರೆ ಅಲ್ಲವೇ ಮೆರೆಯುವುದು? ಪಕ್ಕದ ಕುದುರೆಮುಖದ ಗಣಿ ಹುಟ್ಟಿದ್ದೇ 1975ರಲ್ಲಿ ಇರಾನಿನೊಡನೆ ಆದ ಒಪ್ಪಂದದಿಂದ; ಅಲ್ಲಿ ಕ್ರಾಂತಿಯಾದದ್ದಕ್ಕೆ ಇಲ್ಲಿ ಪೆಟ್ಟು ಬಿತ್ತು. ಕಾಫಿಯಂತೂ ಮೊದಲಿಂದ ಹಡಗು ಹತ್ತುವ ಬೆಳೆ. ಇನ್ನು ಕೆಲವರು, ಹೋದವರು ಊರು ಮರೆಯುತ್ತಾರೆ ಎನ್ನುತ್ತಾರೆ. ತೀರ್ಥಹಳ್ಳಿ ಕಡೆಯ ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿಗೆ ಓದಲು ಹೋಗಿ, ಅಲ್ಲಿ ಕೂತು ಬರೆದ 'ಸಂಸ್ಕಾರ' ಮಲೆನಾಡಿನ ಅಗ್ರಹಾರವೊಂದರ ಕಥೆ. ಐದು ತಿಂಗಳಲ್ಲಿ ವಾಪಸು ಬರುವವಳು ಮರೆಯುವುದೇನಿದ್ದರೂ ಕಾಫಿ ಕೊಯ್ಲನ್ನು. ಸೆಪ್ಟೆಂಬರಿನಲ್ಲಿ ಹೊರಟು ಫೆಬ್ರವರಿಯಲ್ಲಿ ಬರುವ ವೇಳಾಪಟ್ಟಿ ಅದಕ್ಕೆಂದೇ ಮಾಡಿದಂತಿದೆ.

ಮಗಳು ವಿಮಾನ ಹತ್ತಿದ ಮೇಲಾದರೂ ಅಪ್ಪನ ಸೆಮಿಸ್ಟರ್ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಅಕ್ಟೋಬರಿನ ಕೊನೇ ಭಾನುವಾರ ಯುರೋಪಿನವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಮೂರೂವರೆ ಗಂಟೆಯ ಅಂತರ ನಾಲ್ಕೂವರೆಯಾಗುತ್ತದೆಂದು ಇಡೀ ಪೇಟೆಗೆ ವಿವರಿಸುವವರು ಅವರು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ ಎಂಬುದು ಅವರಿಗೆ ಮೊದಲೇ ಗೊತ್ತು. ಹಾಗಾಗಿ ಊಟ ಆಯ್ತಾ ಎಂದು ಕೇಳಿದ ಮೇಲೆ, ಅಲ್ಲಿ ಒಂದು ಲೋಟಕ್ಕೆ ಎಷ್ಟು ಎನ್ನುತ್ತಾರೆ. ಎಸ್ಪ್ರೆಸೊ ಒಂದು ಯೂರೋ ಚಿಲ್ಲರೆ, ಪುಡಿ ಏಳು ಗ್ರಾಂ ಹಾಕ್ತಾರೆ ಎಂದು ಮಗಳ ವರದಿ. ಫೋನಿಟ್ಟವರೇ ಕ್ಯೂರಿಂಗಿನವರ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕಕ್ಕೆ ಕೂರುತ್ತಾರೆ. ಐವತ್ತು ಕೆ.ಜಿ. ಚೀಲದ ಬೇಳೆ ಹುರಿದರೆ ನಲವತ್ತು ಕೆ.ಜಿ. ಪುಡಿ, ಅದಕ್ಕೆ ಐದು ಸಾವಿರದ ಏಳುನೂರು ಲೋಟ, ರೂಪಾಯಿಗೆ ತಂದರೆ ಐದು ಲಕ್ಷದ ಮೇಲೆ. ರೇಟು ಗಗನಕ್ಕೇರಿದ ವರ್ಷದಲ್ಲೂ ತಮ್ಮ ಕೈಗೆ ಬಂದದ್ದು ಇದರ ಹತ್ತರಲ್ಲೊಂದು ಪಾಲೂ ಅಲ್ಲ. ಎಂಟು ತಿಂಗಳು ಅರ್ಥಶಾಸ್ತ್ರ ಓದಿದ್ದರೂ ಅವರಿಗೆ ಇಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ. ತಿರುಗಿ ಫೋನ್ ಮಾಡುತ್ತಾರೆ: 'ಪುಟ್ಟೀ, ನೀನು ಅಲ್ಲಿ ಕಾಫಿ ಕುಡಿಯೋದು ಇವತ್ತಿಗೆ ನಿಲ್ಲಿಸು. ಎರಡು ಕೆ.ಜಿ. ಪುಡಿ ಕಳಿಸ್ತೀನಿ, ನಿನ್ನ ರೂಮಿನವರಿಗೂ ಮಾಡಿಕೊಡು. ಲೋಟಕ್ಕೆ ಅರ್ಧ ಯೂರೋ ತಗೋ, ಮುಖ ನೋಡಿ ಸಾಲ ಕೊಡಬೇಡ.'